ನಮ್ಮ ಮನೆಗೆ ಗೋಧಿ ಬಂದದ್ದು, ಹೋದದ್ದು

ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ನಮ್ಮ ಮನೆಯಲ್ಲಿ ಗೋಧಿ ಬಂದ್ ಆಗಿ 11 ತಿಂಗಳಾಯ್ತು. ಚಪಾತಿ ಇಲ್ಲ, ಬ್ರೆಡ್ಡಿಲ್ಲ, ಬನ್ಸ್ ಇಲ್ಲ, ರವೆ ಉಪ್ಪಿಟ್ಟಿಲ್ಲ, ಸಂಜೆ ಚಾಕ್ಕೆ ಅದ್ದಿ ತಿನ್ನೋ ಟೋಸ್ಟೂ ಇಲ್ಲ. ಮುಟ್ಟಳ್ಳಿಗೆ ಬಂದ ನೆಂಟರು "ಇದೇನು ಹೊಸ ಫ್ಯಾಷನ್ನು ಮಾರಾಯ್ರೆ?" ಅಂತ ಕೇಳ್ತಾರೆ. ಫ್ಯಾಷನ್ ಅಲ್ಲ. ಗೋಧಿಯೇ ವಿಷ ಅಂತ ಸಾರುವ ವಾಟ್ಸಾಪ್ ಪಂಡಿತರ ಸಾಲಿಗೂ ನನ್ನನ್ನು ಸೇರಿಸಬೇಡಿ. ನನ್ನ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿಯೊಳಗಿನ ಗ್ಲುಟೆನ್ ಅನ್ನೋ ಅಂಟು ಹೊಟ್ಟೆಗೆ ಹೋದರೆ ಅವಳ ದೇಹವೇ ಅವಳ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತೆ. ಆಮೇಲೆ ಏನು ತಿಂದರೂ ಮೈಗೆ ಹತ್ತೋದಿಲ್ಲ.

ಇದು ಗೊತ್ತಾಗೋಕೆ ಎರಡು ವರ್ಷ ಬೇಕಾಯ್ತು. ಮಗು ಒಣಗ್ತಾ ಇತ್ತು, ಹೊಟ್ಟೆ ಉಬ್ಬರ, ಭೇದಿ, ರಕ್ತ ಕಡಿಮೆ. ಮೊದಲು ತೋರಿಸಿದ ಡಾಕ್ಟರು ಊರು ಕೇಳಿದರು, ಆಮೇಲೆ ಕೇರಿ ಕೇಳಿದರು. ಮೂರನೇ ಪ್ರಶ್ನೆ, "ಮನೆಯಲ್ಲಿ ಸರಿಯಾಗಿ ಊಟ ಹಾಕ್ತೀರಾ?" ನಾನು ಆಫೀಸಿನ ಗುಮಾಸ್ತ, ಕೈಯಲ್ಲಿ ಸಂಬಳ ಇದೆ. ಆದರೂ ಆ ಕ್ಷಣ ತಲೆ ಎತ್ತೋಕಾಗಲಿಲ್ಲ. "ಬರೀ ಗಂಜಿ ಕುಡಿಸಬೇಡಿ. ಚಪಾತಿ, ಬ್ರೆಡ್ಡು, ಹಾಲು ಕೊಡಿ" ಅಂದರು. ಕೊಟ್ಟೆವು. ದಿನಾ ಕೊಟ್ಟೆವು. ಕೊಟ್ಟಷ್ಟೂ ಕರಗಿದಳು. ಕೊನೆಗೆ ಬೇರೊಬ್ಬ ಡಾಕ್ಟರು ರಕ್ತಪರೀಕ್ಷೆ, ಎಂಡೋಸ್ಕೋಪಿ ಮಾಡಿಸಿ ಕಾಯಿಲೆಗೆ ಹೆಸರು ಹೇಳಿದರು. ಉತ್ತರ ಭಾರತಕ್ಕೆ ಹೋಲಿಸಿದರೆ ನಮ್ಮ ಕಡೆ ಇದು ಕಡಿಮೆ, ಹಾಗಾಗಿ ಬೇಗ ಯಾರಿಗೂ ಹೊಳೆಯೋದಿಲ್ಲ ಅಂತ ಸಮಾಧಾನವಾಗಿ ವಿವರಿಸಿದರು. ಒಪ್ಪಿದೆ. ಆದರೆ ಕಾಯಿಲೆ ಹೊಳೆಯದಿದ್ದಾಗ ಜಾತಿ ಎಷ್ಟು ಬೇಗ ಹೊಳೆಯಿತು ನೋಡಿ.

ಈ ಕಾಯಿಲೆಗೂ ಗೋಧಿಗೂ ಇರೋ ನಂಟು ಜಗತ್ತಿಗೆ ಖಚಿತವಾದದ್ದು ಒಂದು ಬರಗಾಲದಿಂದ. 1944-45ರ ಚಳಿಗಾಲದಲ್ಲಿ ಜರ್ಮನ್ ಸೈನ್ಯದ ಕೈಯಲ್ಲಿದ್ದ ಹಾಲೆಂಡಿನ ಜನ ಹಸಿವಿನಿಂದ ಸತ್ತರು, ಬ್ರೆಡ್ಡು ಸಿಗಲಿಲ್ಲ. ವಿಲೆಮ್ ಡಿಕೆ ಎಂಬ ಮಕ್ಕಳ ಡಾಕ್ಟರಿಗೆ ಅದಕ್ಕೂ ಮೊದಲೇ ಗೋಧಿಯ ಮೇಲೆ ಅನುಮಾನ ಇತ್ತು. ಊರೆಲ್ಲ ಸೊರಗ್ತಿದ್ದಾಗ ಅವರ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ವಾಪಸ್ ಬಂದಾಗ ಮತ್ತೆ ಮಲಗಿದರು. 1950ರಲ್ಲಿ ಅವರು ಇದನ್ನೇ ಪ್ರಬಂಧವಾಗಿ ಬರೆದರು.

ಇದನ್ನು ಓದಿದ ಮೇಲೆ, ಈ ಗೋಧಿ ನಮ್ಮ ಒಲೆಗೆ ಬಂದದ್ದಾದರೂ ಯಾವಾಗ ಅಂತ ಅಮ್ಮನನ್ನು ಕೇಳಿದೆ. ಭಟ್ಕಳ, ಹೊನ್ನಾವರ, ಕುಮಟಾ ಕಡೆ ಯಾರೂ ಗೋಧಿ ಬೆಳೆಯೋದಿಲ್ಲ. ಇದು ಭತ್ತದ ಸೀಮೆ. ಅಘನಾಶಿನಿಯ ಉಪ್ಪುನೀರಿನ ಗಜನಿಯಲ್ಲೂ ಕಗ್ಗ ಭತ್ತ ಬೆಳೆದ ಜನ ನಾವು. "ರೇಷನ್ನಿಗೆ ಕೆಂಪು ಗೋಧಿ ಬಂತು ಮಗಾ, ಏನು ಮಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ" ಅಂದಳು ಅಮ್ಮ. ಅಜ್ಜಿ ಅದನ್ನು ಹುರಿದು, ಬೀಸುಕಲ್ಲಿನಲ್ಲಿ ಒಡೆದು, ಅಕ್ಕಿಯ ಹಾಗೇ ಗಂಜಿ ಕಾಯಿಸಿದಳಂತೆ.

ಆ ಕೆಂಪು ಗೋಧಿ ಅಮೆರಿಕದ್ದು. ಅಲ್ಲಿ ಬೆಳೆದು ಮಿಕ್ಕಿದ ಧಾನ್ಯವನ್ನು ಸಾಗಹಾಕೋಕೆ 1954ರಲ್ಲಿ ಪಿಎಲ್-480 ಅನ್ನೋ ಕಾನೂನು ಮಾಡಿದ್ದರು. ಭಾರತ ಅದರಡಿ ಮೊದಲ ಒಪ್ಪಂದ ಮಾಡಿಕೊಂಡದ್ದು 1956ರ ಆಗಸ್ಟಿನಲ್ಲಿ. ಅದೇ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿತು. 1965ರಲ್ಲಿ ಪ್ರಧಾನಿ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ಬಿಡಿ ಅಂತ ದೇಶಕ್ಕೆ ಕರೆ ಕೊಟ್ಟರು. ಅಜ್ಜಿಯ ಮನೆಯಲ್ಲಿ ಮಳೆಗಾಲದ ಯಾವ ವಾರ ಊಟ ಇತ್ತು ಅಂತ ಲೆಕ್ಕ ಹಾಕಬೇಕಿತ್ತು! 1966ರಲ್ಲಿ ದೇಶ ಸುಮಾರು 1 ಕೋಟಿ ಟನ್ ಧಾನ್ಯ ಹೊರಗಿನಿಂದ ತರಿಸಿತು. ಹೆಚ್ಚಿನದು ಅಮೆರಿಕದ ಗೋಧಿ. ಹಡಗು ಬಂದರೆ ಊಟ. ವಿಯೆಟ್ನಾಂ ಯುದ್ಧದ ಬಗ್ಗೆ ದಿಲ್ಲಿ ಮಾತಾಡಿದ್ದು ಅಧ್ಯಕ್ಷ ಜಾನ್ಸನ್‌ಗೆ ಸೇರದೆ ಹೋದಾಗ ಆ ಹಡಗುಗಳೂ ತಡವಾದವು.

ಶಾಲೆಗೂ ಕೇರ್ ಸಂಸ್ಥೆಯ ಗೋಧಿ ನುಚ್ಚು, ಹಾಲಿನ ಪುಡಿ ಬಂತು. ಅಮ್ಮ ಶಾಲೆಗೆ ಹೋದ ನಾಲ್ಕು ವರ್ಷ ಆ ಉಪ್ಪಿಟ್ಟಿಗಾಗಿಯೇ ಹೋದವಳು. ಅವಳು ಬದುಕಿದ್ದು ಅದರಿಂದ, ನಾನು ಹುಟ್ಟಿದ್ದೂ ಅದರಿಂದಲೇ ಅನ್ನಿ. ಅಮೆರಿಕದ ರಾಜಕೀಯ ಬೈಯುವಾಗ ನನಗೆ ಇದು ನೆನಪಾಗ್ತದೆ, ಬಾಯಿ ಸ್ವಲ್ಪ ಕಟ್ಟುತ್ತದೆ. ಆದರೆ ನಮ್ಮ ಕೇರಿಯ ಮಕ್ಕಳನ್ನು ಜಗಲಿಯ ಹೊರಗೆ ಬೇರೆ ಸಾಲಿನಲ್ಲಿ ಕೂರಿಸಿ, ಸೌಟು ಎಲೆಗೆ ತಾಗದ ಹಾಗೆ ಎತ್ತರದಿಂದ ಹಾಕ್ತಿದ್ದರು. ಬಿಸಿ ಉಪ್ಪಿಟ್ಟು ಸಿಡಿದು ಕಾಲು ಸುಟ್ಟ ಕಲೆಯನ್ನು ಅಮ್ಮ ಈಗಲೂ ತೋರಿಸ್ತಾಳೆ. ಏಳು ಸಮುದ್ರ ದಾಟಿ ಬಂದ ಗೋಧಿಗೆ ಆ ಒಂದು ಜಗಲಿ ದಾಟೋಕಾಗಲಿಲ್ಲ.

ಹಾಗಾದರೆ ನಮ್ಮದೇ ಅಕ್ಕಿ ಎಲ್ಲಿ ಹೋಗಿತ್ತು ಅಂತ ಕೇಳಬಹುದು. ನಾಟಿ, ಕೊಯ್ಲು, ಒಕ್ಕಲು ಎಲ್ಲ ಅಜ್ಜಿಯ ಕೈಯಲ್ಲೇ ಆಗ್ತಿತ್ತು. ಭತ್ತ ಒಡೆಯರ ಕಣಜಕ್ಕೆ, ಅಜ್ಜಿಗೆ ಅಳೆದುಕೊಟ್ಟ ಕೂಲಿ. ನಮ್ಮ ಜಿಲ್ಲೆಯಲ್ಲಿ ದಿನಕರ ದೇಸಾಯಿಯವರು ಗೇಣಿದಾರರಿಗಾಗಿ ಹೋರಾಡಿ ಗಡೀಪಾರಾದವರು, ಅದು ದೊಡ್ಡದೇ. 1974ರ ಮಾರ್ಚ್ 1ಕ್ಕೆ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ಗೇಣಿದಾರರು ಫಾರಂ 7 ತುಂಬಿ ಜಮೀನು ಪಡೆದರು. ಅಜ್ಜಿ ಗೇಣಿದಾರಳಲ್ಲ, ಕೂಲಿಯವಳು. ಅವಳಿಗೆ ತುಂಬೋಕೆ ಫಾರಂ ಇರಲಿಲ್ಲ. ಉಳುವವನೇ ಒಡೆಯ ಅಂದರು, ನೆಟ್ಟವಳ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ.

ಹಸಿವಿಗೆ ಬಂದ ಗೋಧಿ ನನ್ನ ಕಾಲಕ್ಕೆ ಮರ್ಯಾದೆಯ ಊಟವಾಯ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕುಚ್ಚಲಕ್ಕಿ ಅನ್ನ, ಒಣ ಶೆಟ್ಲಿ ಚಟ್ನಿ ಒಯ್ದಿದ್ದೆ. ಡಬ್ಬಿ ತೆರೆದದ್ದೇ ಪಕ್ಕದವರು ಕಿಟಕಿ ತೆರೆದರು. ಮರುದಿನದಿಂದ ಚಪಾತಿ, ಪಲ್ಯ. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದಾಗ ಮನೆಮಂದಿಗೆಲ್ಲ ರಾತ್ರಿ ಚಪಾತಿಯೇ ಆಯ್ತು. ಮಗಳಿಗೆ ಬ್ರೆಡ್ಡು ಜಾಮ್ ಕೊಡುವಾಗ ನನಗೂ ಒಳಗೊಳಗೆ ಹೆಮ್ಮೆ ಇತ್ತು, ಸುಳ್ಳು ಹೇಳೋದಿಲ್ಲ.

ಈಗ ಬೆಳಗ್ಗೆ ಗಂಜಿ ಇಲ್ಲಾ ನೀರುದೋಸೆ, ರಾತ್ರಿ ಅಕ್ಕಿರೊಟ್ಟಿ. ಗೋಧಿ ಬಿಡೋದು ಹೇಳಿದಷ್ಟು ಸುಲಭ ಇಲ್ಲ. ಅಂಗಡಿಯ ಕೂಟು ಇಂಗಿನಲ್ಲೂ ಗೋಧಿ ಹಿಟ್ಟು, ಸೋಯಾ ಸಾಸಿನಲ್ಲೂ ಗೋಧಿ. ಗೋಬಿ ಮಂಚೂರಿಯಂತೂ ಮೈದಾದಲ್ಲೇ ಮುಳುಗಿ ಏಳೋದು. "ಗ್ಲುಟೆನ್ ಫ್ರೀ" ಪೊಟ್ಟಣಗಳ ಬೆಲೆ ನಮ್ಮಂಥವರ ಕೈಗೆಟುಕೋದಿಲ್ಲ, ಅಕ್ಕಿಯ ಸೀಮೆಯಲ್ಲಿದ್ದದ್ದಕ್ಕೆ ಬಚಾವ್. ಹೆಂಡತಿ ಹೊಸ ಲಟ್ಟಣಿಗೆ, ಹೊಸ ಕಾವಲಿ ತಂದಳು. ಮಗಳ ತೂಕ ನಾಲ್ಕು ಕೆಜಿ ಏರಿದೆ.

ಶಾಲೆಯ ಬಿಸಿಯೂಟದ್ದು ಒಂದು ತೊಡಕಾಯ್ತು. ಹಿಟ್ಟಿನ ಕಣ ತಾಗದಿರಲಿ ಅಂತ ಅವಳನ್ನು ಡಬ್ಬಿ ಸಮೇತ ಮೂಲೆಯಲ್ಲಿ ಬೇರೆ ಕೂರಿಸಿದ್ದರು, ಒಳ್ಳೇ ಮನಸ್ಸಿನಿಂದಲೇ. ಅವತ್ತು ಅಮ್ಮ ಕೊಡೆ ಕೊಡೋಕೆ ಶಾಲೆಗೆ ಹೋದವಳು ಅದನ್ನು ನೋಡಿ ಬಂದಳು. ಚಾ ಕೂಡ ಕುಡಿಯದೆ ಕೇಳಿದಳು, "ಅವಳನ್ನ್ಯಾಕೆ ಬೇರೆ ಕೂರಿಸಿದ್ದಾರೆ?"

ಕಾಯಿಲೆ, ಗೋಧಿ, ಕರುಳು ಎಲ್ಲ ವಿವರಿಸಿದೆ. ಅಮ್ಮ ಕೇಳಿಸಿಕೊಂಡಳು, ಒಪ್ಪಲಿಲ್ಲ. ಮಾರನೇ ದಿನ ಅರ್ಧ ದಿನ ರಜೆ ಹಾಕಿ ಹೆಡ್ ಮಾಸ್ತರರ ಹತ್ತಿರ ಹೋದೆ. ಮುಚ್ಚಳದ ಡಬ್ಬಿ, ಅವಳದೇ ಚಮಚ, ಕೆಳಗೆ ಹಾಸೋಕೆ ಒಂದು ಬಟ್ಟೆ, ಇಷ್ಟಿದ್ದರೆ ಸಾಲಿನಲ್ಲೇ ಕೂರಬಹುದು ಅಂತ ಡಾಕ್ಟರಿಂದ ಬರೆಸಿಕೊಂಡ ಚೀಟಿ ಕೊಟ್ಟೆ. ಈಗ ಸಾಲಿನ ನಡುವೆ ಕೂರ್ತಾಳೆ. ಅಮ್ಮ ವಾರಕ್ಕೊಮ್ಮೆ ಏನಾದರೂ ನೆಪ ಮಾಡಿಕೊಂಡು ಊಟದ ಹೊತ್ತಿಗೇ ಶಾಲೆಗೆ ಹೋಗಿ ನೋಡಿ ಬರ್ತಾಳೆ.