ನೆರೆ ಇಳಿದ ಮೇಲೆ ಮನೆ: ದುರಸ್ತಿಯ ಕುರಿತು ಕೆಲವು ತಪ್ಪು ಗ್ರಹಿಕೆಗಳು

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳ ಅವಧಿಯಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ಮುಂಬಯಿ ಕನ್ನಡಿಗರು ಮರೆತಿರಲಾರರು. ಅಂದು ಮಿಠಿ ನದಿ ಉಕ್ಕಿ ಕುರ್ಲಾ, ಕಲೀನಾ ಪರಿಸರದ ಮನೆಗಳಿಗೆ ನುಗ್ಗಿತು. 2015ರ ಡಿಸೆಂಬರ್‌ನಲ್ಲಿ ಚೆನ್ನೈಯ ಅಡ್ಯಾರ್ ನದಿ, 2019ರ ಸೆಪ್ಟೆಂಬರ್‌ನಲ್ಲಿ ಪುಣೆಯ ಆಂಬಿಲ್ ಹಳ್ಳ, 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಮಳೆ ಇದೇ ಅನುಭವವನ್ನು ಅಲ್ಲಿನ ನಮ್ಮವರಿಗೂ ನೀಡಿದವು. ನೀರು ಬಂದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ನೀರು ಹೋದ ಮೇಲೆ ಅವಸರದಲ್ಲಿ ನಾವೇ ಮಾಡಿಕೊಳ್ಳುವ ನಷ್ಟದ ಬಗೆಗೆ ಮಾತು ಕಡಿಮೆ.

ಮುಟ್ಟಿದರೆ ಒಣಗಿದಂತೆ ತೋರುವ ಗೋಡೆ ಒಣಗಿದೆ ಎಂಬುದು ಮೊದಲ ತಪ್ಪು ಗ್ರಹಿಕೆ. 2005ರಲ್ಲಿ ನೆಲ ಅಂತಸ್ತಿನಲ್ಲಿದ್ದ ನಾವೂ ಹಾಗೆಯೇ ಭಾವಿಸಿ, ಚೌತಿಗೆ ಮನೆ ಚೆಂದವಿರಲಿ ಎಂದು ಆಗಸ್ಟ್ ಕೊನೆಯಲ್ಲಿಯೇ ಬಣ್ಣ ಬಳಿಸಿದೆವು. ದೀಪಾವಳಿಯ ವೇಳೆಗೆ ಅದು ಹಪ್ಪಳದಂತೆ ಎದ್ದು ಬಂತು. ಇಟ್ಟಿಗೆಯ ಗೋಡೆ ಒಣಗಲು ಪ್ರತಿ 25 ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕೆಂಬುದು ಕಟ್ಟಡದ ಕೆಲಸ ಬಲ್ಲವರ ಸ್ಥೂಲ ಲೆಕ್ಕ. ಒಂಬತ್ತು ಇಂಚಿನ ಗೋಡೆ ಎರಡೂ ಬದಿಯಿಂದ ಒಣಗಿದರೂ ನಾಲ್ಕೈದು ತಿಂಗಳು ಹಿಡಿಯುತ್ತದೆ. ಒಳಗಿನ ತೇವ ಹೊರಬರುವಾಗ ಲವಣವನ್ನು ಹೊತ್ತು ತರುವುದರಿಂದ ಗೋಡೆಯ ಮೇಲೆ ಬಿಳಿಯ ಪುಡಿ ಕಾಣಿಸುತ್ತದೆ. ಜಲನಿರೋಧಕ ಬಣ್ಣ ಬಳಿದರೆ ಎಲ್ಲವೂ ಸರಿಹೋಗುವುದೆಂದು ಗುತ್ತಿಗೆದಾರರು ಹೇಳುವುದುಂಟು; ಅದು ತೇವವನ್ನು ಒಳಗೇ ಬಂಧಿಸುತ್ತದೆ. ಈ ವಿಷಯದಲ್ಲಿ ಹಳೆಯ ಚಾಳುಗಳ ಸುಣ್ಣವೇ ಮೇಲು, ಗೋಡೆಗೆ ಉಸಿರಾಡಲು ಬಿಡುತ್ತದೆ. ಒಂದು ಚದರ ಅಡಿಯ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಟೇಪಿನಿಂದ ಅಂಟಿಸಿ, ಒಂದೆರಡು ದಿನ ಬಿಟ್ಟು ನೋಡಬೇಕು. ಒಳಮೈಯಲ್ಲಿ ಹನಿಗಳು ಕೂಡಿದ್ದರೆ ಬಣ್ಣದವನನ್ನು ಕರೆಯುವ ಕಾಲ ಇನ್ನೂ ಬಂದಿಲ್ಲ. ಅಡುಗೆಮನೆಯ ಎಂ.ಡಿ.ಎಫ್. ಕಪಾಟುಗಳು ಒಮ್ಮೆ ಉಬ್ಬಿದರೆ ಮರಳಿ ಮೊದಲಿನಂತಾಗುವುದಿಲ್ಲ. ಸಾಗುವಾನಿ ಮರವನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಿದರೆ ಬಹುಪಾಲು ಉಳಿಯುತ್ತದೆ.

ಒದ್ದೆಯಾದ ಹಾಸಿಗೆ, ಬಟ್ಟೆಗಳಲ್ಲಿ 24ರಿಂದ 48 ಗಂಟೆಗಳೊಳಗೆ ಬೂಷ್ಟು ಹುಟ್ಟಿಕೊಳ್ಳಬಹುದು. ಆದುದರಿಂದ ಕಿಟಕಿಗಳನ್ನು ತೆರೆದಿಡುವುದೇ ಮೊದಲ ಚಿಕಿತ್ಸೆ. ಬ್ಲೀಚಿಂಗ್ ಪುಡಿಯ ಜೊತೆಗೆ ಶೌಚಾಲಯ ತೊಳೆಯುವ ಆಮ್ಲವನ್ನೂ ಬೆರೆಸಿದರೆ ಇನ್ನಷ್ಟು ಶುದ್ಧಿ ಎಂದು ನಂಬಿದವರನ್ನು ಕಂಡಿದ್ದೇನೆ. ಆ ಮಿಶ್ರಣದಿಂದ ಹೊರಬರುವುದು ವಿಷಕಾರಿ ಕ್ಲೋರಿನ್ ಅನಿಲ. ನೀರಿನಲ್ಲಿ ನಿಂತಿದ್ದ ಫ್ರಿಜ್ಜನ್ನು ‘ನಡೆಯುತ್ತದೋ ನೋಡೋಣ’ ಎಂದು ಚಾಲೂ ಮಾಡುವುದೂ ಇಷ್ಟೇ ಅಪಾಯಕರ. ವಿದ್ಯುತ್ ಕೆಲಸಗಾರನು ತಂತಿ, ಸ್ವಿಚ್ಚುಗಳನ್ನು ಪರೀಕ್ಷಿಸುವ ತನಕ ಮುಖ್ಯ ಸ್ವಿಚ್ಚನ್ನು ಮುಟ್ಟಬಾರದು.

ತೊಯ್ದ ಕಾಗದಗಳನ್ನು ಬಿಸಿಲಿಗೆ ಹರಡುವುದು ನಮ್ಮ ಸಹಜ ಪ್ರವೃತ್ತಿ. ನಮ್ಮ ತಂದೆಯವರ ಯಕ್ಷಗಾನ ಪ್ರಸಂಗಗಳ ಪುಸ್ತಕಗಳು ಹಾಗೆಯೇ ಸೊಟ್ಟಗಾಗಿ ಬಿರಿದವು. ಪುಟಗಳ ನಡುವೆ ಹೀರುಕಾಗದವಿಟ್ಟು, ಅದನ್ನು ಆಗಾಗ ಬದಲಿಸುತ್ತಾ ಫ್ಯಾನಿನ ಗಾಳಿಗೆ ಒಣಗಿಸುವುದು ಸರಿಯಾದ ಕ್ರಮ. ಎಲ್ಲವನ್ನೂ ಒಮ್ಮೆಗೆ ಒಣಗಿಸಲು ಸಾಧ್ಯವಿಲ್ಲದಿದ್ದರೆ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟರೆ ಬೂಷ್ಟು ಹಿಡಿಯದೆ ಕಾಯುತ್ತವೆ. ಕೇಳಿ ನಗಬೇಡಿ, ಗ್ರಂಥಾಲಯಗಳೂ ಅನುಸರಿಸುವ ವಿಧಾನವಿದು. ತೊಯ್ದ ನೋಟುಗಳಿಗೆ ಇಸ್ತ್ರಿ ಹಾಕುವುದೂ ಬೇಡ. ಹರಿದ, ಮಾಸಿದ ನೋಟುಗಳನ್ನು ರಿಸರ್ವ್ ಬ್ಯಾಂಕಿನ ನಿಯಮಾನುಸಾರ ಬ್ಯಾಂಕಿನ ಶಾಖೆಯಲ್ಲಿಯೇ ಬದಲಿಸಿಕೊಳ್ಳಬಹುದು. ಮನೆಯ ಕ್ರಯಪತ್ರ ಹಾಳಾದರೆ ಒಡೆತನವೇ ಹೋಯಿತೆಂಬ ಭಯ ಅನವಶ್ಯಕ. ನೋಂದಾಯಿತ ಪತ್ರದ ದೃಢೀಕೃತ ಪ್ರತಿ ಉಪನೋಂದಣಾಧಿಕಾರಿಯ ಕಚೇರಿಯಿಂದ ದೊರೆಯುತ್ತದೆ.

ಇನ್ನು ವಿಮೆ. ಬ್ಯಾಂಕಿನ ಮೇಜಿನ ಈಚೆ ಕುಳಿತು ನಾನು ಅತಿ ಹೆಚ್ಚು ಕೇಳಿದ ಮಾತು, ‘ಗೃಹಸಾಲದ ಜೊತೆಗೆ ವಿಮೆ ಮಾಡಿಸಿದ್ದೇವಲ್ಲ?’ ಎಂಬುದು. ಪತ್ರವನ್ನು ಬಿಚ್ಚಿ ನೋಡಿದರೆ ಎಷ್ಟೋ ಸಲ ಅದು ಸಾಲಗಾರನ ಜೀವಕ್ಕೆ ಮಾಡಿಸಿದ ವಿಮೆಯಾಗಿರುತ್ತದೆ, ಮನೆಗಲ್ಲ. ಮನೆಗೇ ವಿಮೆಯಿದ್ದರೂ ಫ್ಲ್ಯಾಟಿನ ಮಾರುಕಟ್ಟೆ ಬೆಲೆ ಸಿಗುವುದೆಂದು ಎಣಿಸಬಾರದು. ಜಾಗದ ಬೆಲೆಗೆ ವಿಮೆಯಿಲ್ಲ, ಮರಳಿ ಕಟ್ಟುವ ವೆಚ್ಚಕ್ಕೆ ಮಾತ್ರ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ನೆರೆ, ಬಿರುಗಾಳಿ, ಭೂಕಂಪ, ಬೆಂಕಿ ಎಲ್ಲವೂ ಸೇರಿವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಆ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಗಳ ವರೆಗೆ, ಮನೆಯ ಸಾಮಾನುಗಳಿಗೂ ತಾನಾಗಿ ರಕ್ಷಣೆಯಿದೆ. ಆದರೆ ನಗದು, ದಾಖಲೆಪತ್ರಗಳು ಈ ಸಾಮಾನುಗಳ ಲೆಕ್ಕದಲ್ಲಿ ಬರುವುದಿಲ್ಲ. ಆಭರಣಗಳಿಗೆ ಪ್ರತ್ಯೇಕವಾಗಿ ಕೇಳಿ ರಕ್ಷಣೆ ಪಡೆಯಬೇಕು. ವರ್ಷಗಟ್ಟಲೆ ಸೋರಿ ಶಿಥಿಲವಾದ ಗೋಡೆಯ ದುರಸ್ತಿಗೆ ವಿಮೆ ಹಣ ಕೊಡದು.

ಸರ್ವೇಯರ್ ಬರುವ ತನಕ ಕೆಸರನ್ನೂ ಬಾಚಬಾರದೆಂದು ಕಾದು ಕುಳಿತು ಇನ್ನಷ್ಟು ಕಳೆದುಕೊಂಡವರಿದ್ದಾರೆ. ಎಲ್ಲವನ್ನೂ ತೊಳೆದು ಎಸೆದ ಬಳಿಕ ಅರ್ಜಿ ಬರೆದವರೂ ಇದ್ದಾರೆ. ನಷ್ಟ ಹೆಚ್ಚದಂತೆ ನೋಡಿಕೊಳ್ಳುವುದು ವಿಮೆ ಪಡೆದವರ ಕರ್ತವ್ಯವೆಂದು ಪಾಲಿಸಿಯೇ ಹೇಳುತ್ತದೆ. ಕೂಡಲೇ ಕಂಪೆನಿಗೆ ತಿಳಿಸಿ, ನೀರು ನಿಂತ ಗುರುತು ಕಾಣುವಂತೆ ಪ್ರತಿ ಕೋಣೆಯ ಛಾಯಾಚಿತ್ರ ತೆಗೆದು, ಹಾಳಾದ ವಸ್ತುಗಳ ಪಟ್ಟಿ ಮಾಡಿ, ಆಮೇಲೆ ಪೊರಕೆ ಹಿಡಿಯಬೇಕು. ಹಾಳಾದ ವಸ್ತುಗಳನ್ನು ಸರ್ವೇಯರ್ ನೋಡುವ ವರೆಗೆ ಒಂದು ಮೂಲೆಯಲ್ಲಿ ಇರಿಸಿಕೊಳ್ಳುವುದು ಉಚಿತ.

ಸೊಸೈಟಿಯ ವಿಮೆ ನಮ್ಮ ಮನೆಯೊಳಗಿನ ಸೋಫಾಕ್ಕೂ ಅನ್ವಯಿಸುತ್ತದೆಂಬ ಭ್ರಮೆ ಸಾಮಾನ್ಯ. ಅದು ಸಾಧಾರಣವಾಗಿ ಕಟ್ಟಡಕ್ಕೆ ಹಾಗೂ ಸಾರ್ವತ್ರಿಕ ಭಾಗಗಳಿಗೆ ಸೀಮಿತ. ಸೋರಿಕೆಯ ಜಗಳಕ್ಕೂ ಮಹಾರಾಷ್ಟ್ರದ ಮಾದರಿ ಉಪವಿಧಿಗಳಲ್ಲಿ ಉತ್ತರವಿದೆ: ತಾರಸಿ, ಹೊರಗೋಡೆಯ ಮಳೆನೀರು, ಸಾಮಾನ್ಯ ಕೊಳವೆಗಳ ಸೋರಿಕೆ ಸೊಸೈಟಿಯ ಖರ್ಚಿನಲ್ಲಿ, ಶೌಚಾಲಯ, ಸಿಂಕ್ ಮುಂತಾದ ಒಳಗಿನ ಸೋರಿಕೆ ಸದಸ್ಯನ ಖರ್ಚಿನಲ್ಲಿ. ಮಳೆಗಾಲಕ್ಕೆ ಮೊದಲಿನ ಸಭೆಯಲ್ಲಿಯೇ ಸೊಸೈಟಿಯ ವಿಮಾ ಪತ್ರವನ್ನು ತರಿಸಿ ಓದಿಸುವ ಹಕ್ಕು ಸದಸ್ಯರಿಗಿದೆ. ನಮ್ಮ ಕಟ್ಟಡದಲ್ಲಿ ಹಾಗೆ ಕೇಳಿದಾಗ ಪಾಲಿಸಿಯ ಅವಧಿ ಮುಗಿದು ಎರಡು ವರ್ಷಗಳಾಗಿದ್ದವು.