ತಂದೆ ಯಾರು ಎಂದು ಕೋರ್ಟು ಕೇಳಿದಾಗ

ತಾಯಿ ತೀರಿಕೊಂಡರೆ ಮಕ್ಕಳಿಗೆ ಉಳಿಯುವ ಆಸರೆ ತಂದೆ. ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಸುಮಾರು ಐವತ್ತು ವರ್ಷಗಳ ಹಿಂದೆ ಅಮೆರಿಕದ ಇಲಿನಾಯ್ಸ್ ರಾಜ್ಯದ ಒಂದು ಮನೆಯಲ್ಲಿ ತಾಯಿ ತೀರಿಕೊಂಡಾಗ, ತಂದೆ ಜೀವಂತ ಇದ್ದರೂ ಮಕ್ಕಳನ್ನು ಸರಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ಸ್ಟ್ಯಾನ್ಲಿ ಎಂಬ ಆ ತಂದೆ ಮಕ್ಕಳ ತಾಯಿಯೊಂದಿಗೆ ಆಗಾಗ ಬಿಟ್ಟು, ಮತ್ತೆ ಸೇರಿ, 18 ವರ್ಷ ಬಾಳಿದ್ದ. ಅವರಿಗೆ ಮೂವರು ಮಕ್ಕಳು. ಆದರೆ ಅವರಿಬ್ಬರಿಗೆ ಮದುವೆಯಾಗಿರಲಿಲ್ಲ. ಮದುವೆಯಾಗದ ತಂದೆಯನ್ನು ಆ ರಾಜ್ಯದ ಕಾನೂನು ಹೆತ್ತವರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅವನು ಒಳ್ಳೆಯ ತಂದೆಯೇ, ಕೆಟ್ಟವನೇ ಎಂದು ಯಾರೂ ವಿಚಾರಿಸಲಿಲ್ಲ.

ಇತ್ತೀಚೆಗೆ ಜುಮಾ ನಮಾಝ್‌ನ ಬಳಿಕ ಕಾನೂನು ಕಲಿಯುತ್ತಿರುವ ಯುವಕನೊಬ್ಬ ಈ ವಿಷಯವನ್ನೇ ಎತ್ತಿ ನಮ್ಮೊಡನೆ ಕೇಳಿದ: "ಉಸ್ತಾದ್, ಮದುವೆಯಾಗದೆ ತಂದೆಯಾದವನಿಗೆ ಹಕ್ಕು ಕೊಟ್ಟರೆ ತಪ್ಪಿಗೆ ಬಹುಮಾನ ಕೊಟ್ಟಂತಾಗುವುದಿಲ್ಲವೇ?" ಪ್ರಶ್ನೆ ಸಣ್ಣದಲ್ಲ. ವಿವಾಹದ ಹೊರಗಿನ ಸಂಬಂಧ ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಟ್ಟಿದ ಮಗು ಯಾವ ತಪ್ಪನ್ನೂ ಮಾಡಿಲ್ಲ. ಅದರ ಹೊಣೆ ಯಾರದು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಆ ದೇಶದ ನ್ಯಾಯಾಲಯಗಳು ಈ ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆಯಲ್ಲಿ ನಮಗೂ ಪಾಠವಿದೆ.

ಇಂಗ್ಲೆಂಡಿನ ಹಳೆಯ ಕಾನೂನು ಮದುವೆಯ ಹೊರಗೆ ಹುಟ್ಟಿದ ಮಗುವನ್ನು 'ಯಾರ ಮಗುವೂ ಅಲ್ಲ' ಎಂದು ಕರೆಯುತ್ತಿತ್ತು. 1576ರ ಒಂದು ಕಾಯಿದೆ ಅಂಥ ಮಗುವಿನ ಖರ್ಚನ್ನು ತಂದೆಯಿಂದ ವಸೂಲಿ ಮಾಡಲು ಅವಕಾಶ ಕೊಟ್ಟಿತು. ಅಂದರೆ ಖರ್ಚಿಗೆ ಅವನು ತಂದೆ, ಹಕ್ಕಿಗೆ ಅಲ್ಲ. ಈ ಆಲೋಚನೆ ಅಮೆರಿಕಕ್ಕೂ ಹೋಯಿತು. 1851ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ದತ್ತು ಕಾನೂನು ಮಾಡಿದ ಮೇಲೆ ಇತರ ರಾಜ್ಯಗಳೂ ಅದೇ ದಾರಿ ಹಿಡಿದವು. ಅವಿವಾಹಿತೆಯ ಮಗುವನ್ನು ದತ್ತು ಕೊಡಲು ಬಹಳ ಕಡೆ ತಾಯಿಯ ಒಪ್ಪಿಗೆ ಒಂದೇ ಸಾಕಾಗಿತ್ತು. ತಂದೆಗೆ ನೋಟಿಸ್ ಕೂಡ ಹೋಗುತ್ತಿರಲಿಲ್ಲ.

ಈ ಗೋಡೆಗೆ ಮೊದಲ ಬಿರುಕು ಬಿದ್ದದ್ದು ಸ್ಟ್ಯಾನ್ಲಿಯ ಮೊಕದ್ದಮೆಯಲ್ಲಿ. 1972ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. ಅವಿವಾಹಿತ ತಂದೆಯರಲ್ಲಿ ಹೆಚ್ಚಿನವರು ಬೇಜವಾಬ್ದಾರಿಗಳು ಎಂಬುದು ಸರಕಾರದ ವಾದವಾಗಿತ್ತು. ಅದು ನಿಜವೇ ಇದ್ದರೂ ಎಲ್ಲರೂ ಹಾಗಲ್ಲ, ಇವನನ್ನು ವಿಚಾರಣೆ ಮಾಡದೆ ಮಕ್ಕಳನ್ನು ಕಸಿಯುವಂತಿಲ್ಲ ಎಂಬುದು ತೀರ್ಪು ಬರೆದ ನ್ಯಾಯಮೂರ್ತಿ ವೈಟ್ ಅವರ ನಿಲುವು.

ಹಾಗಾದರೆ ರಕ್ತ ಸಂಬಂಧವೊಂದೇ ಸಾಕೇ? 1978ರಲ್ಲಿ ಜಾರ್ಜಿಯಾ ರಾಜ್ಯದಿಂದ ಬಂದ ಮೊಕದ್ದಮೆಯಲ್ಲಿ ಕೋರ್ಟು ಸಾಲದು ಎಂದಿತು. ಆ ತಂದೆ ಮಗನನ್ನು ನೋಡಲು ಬರುತ್ತಿದ್ದ, ಉಡುಗೊರೆ ತರುತ್ತಿದ್ದ, ಆಗೊಮ್ಮೆ ಈಗೊಮ್ಮೆ ಹಣವನ್ನೂ ಕೊಡುತ್ತಿದ್ದ. ಆದರೆ ಹನ್ನೊಂದು ವರ್ಷ ಮಗನನ್ನು ಕಾನೂನಿನ ಪ್ರಕಾರ ತನ್ನವನೆಂದು ಮಾಡಿಕೊಂಡಿರಲಿಲ್ಲ, ದಿನನಿತ್ಯದ ಹೊಣೆಯನ್ನೂ ಹೊತ್ತಿರಲಿಲ್ಲ. ತಾಯಿಯನ್ನು ಮದುವೆಯಾಗಿ ಹುಡುಗನನ್ನು ಸಾಕಿದ ಮಲತಂದೆ ದತ್ತು ಕೇಳಿದಾಗಲೇ ಅವನು ಎದ್ದು ಬಂದ. ಹುಡುಗ ಮಲತಂದೆಯ ಹೆಸರನ್ನೇ ಬಯಸಿದ, ಜೊತೆಗೆ ಹೆತ್ತ ತಂದೆಯನ್ನು ಆಗಾಗ ಕಾಣುವ ಆಸೆಯನ್ನೂ ಹೇಳಿದ. ತೀರ್ಪು ತಂದೆಯ ವಿರುದ್ಧ ಬಂತು.

ಮರುವರ್ಷ ನ್ಯೂಯಾರ್ಕ್‌ನ 'ಕ್ಯಾಬನ್ ವರ್ಸಸ್ ಮೊಹಮ್ಮದ್' ಮೊಕದ್ದಮೆ ಬಂತು. ಇಲ್ಲಿಯೂ ದತ್ತು ಕೇಳಿದವನು ಮಲತಂದೆ. ಆದರೆ ಕ್ಯಾಬನ್ ಇಬ್ಬರು ಮಕ್ಕಳೊಡನೆ ವರ್ಷಗಟ್ಟಲೆ ಒಂದೇ ಮನೆಯಲ್ಲಿದ್ದು ಸಾಕಿದವನು, ಜನನ ಪತ್ರದಲ್ಲಿ ಅವನ ಹೆಸರಿತ್ತು. ತಾಯಿಯ ಒಪ್ಪಿಗೆ ಬೇಕು, ಇಂಥ ತಂದೆಯದ್ದು ಬೇಡ ಎನ್ನುವುದು ಅನ್ಯಾಯ ಎಂದು ಐವರು ನ್ಯಾಯಮೂರ್ತಿಗಳು ಹೇಳಿದರು. ನಾಲ್ವರು ಒಪ್ಪಲಿಲ್ಲ.

ಅತ್ಯಂತ ಕಠಿಣವಾದದ್ದು 1983ರ 'ಲೆಹ್ರ್ ವರ್ಸಸ್ ರಾಬರ್ಟ್‌ಸನ್' ತೀರ್ಪು. ತಾನು ಇಂಥ ಮಗುವಿನ ತಂದೆ ಎನ್ನುವವರು ಒಂದು ಅಂಚೆ ಕಾರ್ಡು ಕಳಿಸಿ ಹೆಸರು ನೋಂದಾಯಿಸುವ ವ್ಯವಸ್ಥೆ ನ್ಯೂಯಾರ್ಕ್‌ನಲ್ಲಿತ್ತು. ಲೆಹ್ರ್ ಅದನ್ನು ಮಾಡಿರಲಿಲ್ಲ. ಆದರೆ ಆಸ್ಪತ್ರೆಗೆ ಹೋಗಿದ್ದೆ, ಬಳಿಕ ತಾಯಿ ಮಗುವನ್ನು ಎಲ್ಲಿಟ್ಟಿದ್ದಾಳೆಂದು ತಿಳಿಸಲಿಲ್ಲ, ಪತ್ತೇದಾರರಿಂದ ಹುಡುಕಿಸಿದೆ ಎಂಬುದು ಅವನ ಅಳಲು. ತಂದೆಯೆಂದು ಗುರುತಿಸಬೇಕೆಂಬ ಅವನ ಅರ್ಜಿ ಬೇರೆ ಕೋರ್ಟಿನಲ್ಲಿ ಇದೆಯೆಂದು ತಿಳಿದೂ ನ್ಯಾಯಾಧೀಶರು ದತ್ತು ಆದೇಶಕ್ಕೆ ಸಹಿ ಹಾಕಿದ್ದರು. ಮಗುವಿಗೆ ಆಗ ಎರಡು ವರ್ಷ ದಾಟಿತ್ತು. ಸುಪ್ರೀಂ ಕೋರ್ಟಿನ ಆರು ಮಂದಿ ಆ ಆದೇಶವನ್ನು ಎತ್ತಿಹಿಡಿದರು. ರಕ್ತ ಸಂಬಂಧ ತಂದೆಗೆ ಒಂದು ಅವಕಾಶವನ್ನು ಕೊಡುತ್ತದೆ, ಅದನ್ನು ಸಕಾಲದಲ್ಲಿ ಹಿಡಿದು ಹೊಣೆ ಹೊತ್ತವನಿಗೆ ಮಾತ್ರ ಹಕ್ಕು ಎಂಬುದು ಅವರ ಮಾತಿನ ಸಾರ. ಮೂವರು ಭಿನ್ನಮತ ತಾಳಿದರು. ಆ ಭಿನ್ನ ತೀರ್ಪು ಬರೆದವರು ಸ್ಟ್ಯಾನ್ಲಿಗೆ ನ್ಯಾಯ ಕೊಟ್ಟ ಅದೇ ನ್ಯಾಯಮೂರ್ತಿ ವೈಟ್. ನಮ್ಮ ಮನಸ್ಸು ಅವರ ಕಡೆಗೇ ವಾಲುತ್ತದೆ. ಬಾಗಿಲು ತಟ್ಟುತ್ತಿರುವವನ ಮಾತನ್ನು ಒಮ್ಮೆ ಕೇಳಿಸಿಕೊಂಡರೆ ಮಗುವಿಗೆ ನಷ್ಟವಾಗುತ್ತಿರಲಿಲ್ಲ.

ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದು ಮುಂದೆ ಅಯೋವಾ ರಾಜ್ಯದ ಒಂದು ಪ್ರಕರಣದಲ್ಲಿ ತಿಳಿಯಿತು. 1991ರಲ್ಲಿ ಹೆಣ್ಣು ಮಗು ಹೆತ್ತ ಅವಿವಾಹಿತೆ, ಕಾನೂನು ಹೇಳಿದ 72 ಗಂಟೆ ಕಳೆಯುವ ಮೊದಲೇ ಕಾಗದಕ್ಕೆ ಸಹಿ ಹಾಕಿದಳು. ತಂದೆಯೆಂದು ಬೇರೊಬ್ಬನ ಹೆಸರು ಕೊಟ್ಟಳು. ನಿಜವಾದ ತಂದೆ ಕೋರ್ಟಿಗೆ ಹೋಗಿ ಗೆದ್ದ. ಆದರೆ ಅಷ್ಟರಲ್ಲಿ ಮಗು ಮಿಷಿಗನ್‌ನ ದಂಪತಿಯನ್ನೇ ಅಪ್ಪ ಅಮ್ಮ ಎಂದು ನಂಬಿ ಬೆಳೆದಿತ್ತು. 1993ರ ಆಗಸ್ಟ್‌ನಲ್ಲಿ ಎರಡೂವರೆ ವರ್ಷದ ಆ ಮಗುವನ್ನು ಆ ಮನೆಯಿಂದ ಎತ್ತಿಕೊಂಡು ಹೋದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ದೊಡ್ಡವರ ಒಂದು ಸುಳ್ಳಿನ ಬೆಲೆ ತೆತ್ತದ್ದು ಆ ಕಂದಮ್ಮ.

ನಮ್ಮ ಫಿಕ್ಹ್‌ನ ದಾರಿ ಬೇರೆ. ಬಹುಸಂಖ್ಯಾತ ವಿದ್ವಾಂಸರ ಪ್ರಕಾರ ನಿಕಾಹ್ ಇಲ್ಲದೆ ಹುಟ್ಟಿದ ಮಗುವಿನ ವಂಶ ತಾಯಿಗೆ ಸೇರುತ್ತದೆ. ಆದರೆ ಸಾಕುವ ನೆಪದಲ್ಲಿ ಮಗುವಿನ ನಿಜವಾದ ಗುರುತನ್ನು ಅಳಿಸಬಾರದು ಎಂಬುದು ನಮಗೆ ಹೊಸ ಪಾಠವಲ್ಲ. ಸೂರಃ ಅಲ್ ಅಹ್ಝಾಬ್‌ನ ಆದೇಶ ಬಂದ ಬಳಿಕ, ಪ್ರವಾದಿ(ಸ)ರ ಸಾಕುಮಗನಾಗಿದ್ದ ಝೈದ್(ರ)ರನ್ನು ಜನರು ಮತ್ತೆ ಹಾರಿಸರ ಮಗನೆಂದೇ ಕರೆದರು. ಪ್ರೀತಿ ಮೊದಲಿನಂತೆಯೇ ಉಳಿಯಿತು.

ನಮ್ಮ ದೇಶದಲ್ಲಿ ಅವಿವಾಹಿತ ತಾಯಿ ತಂದೆಗೆ ನೋಟಿಸ್ ಕೊಡದೆಯೂ ಮಗುವಿನ ಪೋಷಕಿಯಾಗಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೊರೆದು ಹೋದವನ ಸಹಿಗಾಗಿ ತಾಯಿ ಅಲೆಯಬಾರದು ಎಂಬ ಕಾಳಜಿ ಅಲ್ಲಿದೆ. ದತ್ತು ಕೊಡಲು ಮಗುವನ್ನು ಒಪ್ಪಿಸಿದವರಿಗೆ ಮರುಯೋಚನೆಗೆ ಎರಡು ತಿಂಗಳ ಅವಕಾಶವನ್ನೂ ಬಾಲನ್ಯಾಯ ಕಾಯಿದೆ ಕೊಡುತ್ತದೆ. ಆದ್ದರಿಂದ ಮಗುವನ್ನು ಸಾಕಬಯಸುವ ನಮ್ಮ ಕುಟುಂಬಗಳಲ್ಲಿ ನಮ್ಮ ವಿನಂತಿ ಇಷ್ಟೆ: ಯಾರದೋ ಬಾಯಿಮಾತು ನಂಬಿ ಗುಟ್ಟಾಗಿ ಮಗುವನ್ನು ತರಬೇಡಿ. ಅದು ಶಿಕ್ಷಾರ್ಹ ಅಪರಾಧ. ನಾಳೆ ಅಳಬೇಕಾದದ್ದು ಆ ಮಗುವೇ.

ಆ ಯುವಕನಿಗೆ ನಾವು ಹೇಳಿದ್ದೂ ಇದನ್ನೇ. ಮಗನೇ, ಅದು ಬಹುಮಾನವಲ್ಲ, ಹೊರೆ. ಹೊರುತ್ತೇನೆಂದು ಬಂದವನನ್ನು ಬಾಗಿಲಲ್ಲೇ ತಡೆಯುವುದು ಅನ್ಯಾಯ. ಹೊರದೆ ಹಕ್ಕು ಕೇಳುವುದೂ ಅನ್ಯಾಯ. ನಿಕಾಹ್ ಆದ ನಾವು ಈ ಪ್ರಶ್ನೆಯಿಂದ ಪಾರಾದೆವು ಎಂದುಕೊಳ್ಳುವುದು ಬೇಡ. ಹೆಸರು ಕೊಟ್ಟು, ಹೊಣೆಯನ್ನೆಲ್ಲ ತಾಯಿಯ ಹೆಗಲಿಗೆ ಬಿಟ್ಟ ತಂದೆಯರು ನಮ್ಮ ಸಫ್‌ಗಳಲ್ಲೂ ಇದ್ದಾರೆ. ಅಲ್ಲಾಹನು ನಮ್ಮೆಲ್ಲರನ್ನೂ ನಮ್ಮ ಮಕ್ಕಳ ಹೊಣೆ ಅರಿತವರನ್ನಾಗಿ ಮಾಡಲಿ. ಆಮೀನ್.