ಗ್ರಾಮಫೋನ್ ಧ್ವನಿಮುದ್ರಿಕೆಗಳ ಆವೃತ್ತಿ ಭೇದ

ಗ್ರಾಮಫೋನ್ ಧ್ವನಿಮುದ್ರಿಕೆಗಳ ಆವೃತ್ತಿ ಭೇದ ಎಂದರೆ ಒಂದೇ ಕಲಾವಿದರ ಒಂದೇ ಹಾಡು ಬೇರೆ ಬೇರೆ ತಟ್ಟೆಗಳಲ್ಲಿ ಬೇರೆ ಬೇರೆಯಾಗಿ ಕೇಳಿಸುವುದು. ಈ ವ್ಯತ್ಯಾಸವು ಹಾಡಿಕೆಯಲ್ಲಿ, ಧ್ವನಿಗಳ ಮಿಶ್ರಣದಲ್ಲಿ, ತಟ್ಟೆಯ ಮುದ್ರಣದಲ್ಲಿ ಅಥವಾ ನುಡಿಸುವ ವೇಗದಲ್ಲಿ ಉಂಟಾಗಿರಬಹುದು. ಹಳೆಯ ಗಾಯಕರ ಕಂಠ, ಶ್ರುತಿ ಮತ್ತು ಶೈಲಿಯ ಬಗೆಗಿನ ತೀರ್ಮಾನಗಳು ಹೆಚ್ಚಾಗಿ ಈ ತಟ್ಟೆಗಳನ್ನೇ ಆಧರಿಸಿರುವುದರಿಂದ, ಆವೃತ್ತಿಗಳ ಹೋಲಿಕೆಯು ಸಂಗೀತ ಚರಿತ್ರೆಯ ಅಧ್ಯಯನದಲ್ಲಿ ಮುಖ್ಯವಾದುದು.

ಹಿನ್ನೆಲೆ

ಭಾರತದಲ್ಲಿ ಗ್ರಾಮಫೋನ್ ಕಂಪನಿಯ ಮೊದಲ ಧ್ವನಿಮುದ್ರಣಗಳು 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ನಡೆದವು. ಫ್ರೆಡ್ ಗೈಸ್‌ಬರ್ಗ್ ಇವುಗಳ ಮೇಲ್ವಿಚಾರಣೆ ವಹಿಸಿದ್ದರು. ಅಂದು ಹಾಡಿದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ಅಲ್ಲಿಯೇ ನಿಧನರಾದರು. ಅವರ ಆರಂಭದ ಹಾಡುಗಳನ್ನು ಜರ್ಮನಿಯ ಹ್ಯಾನೋವರ್‌ಗೆ ಕಳುಹಿಸಿ ಅಲ್ಲಿ ತಟ್ಟೆಗಳನ್ನು ಒತ್ತಲಾಯಿತು. ಹಾಡಿನ ಕೊನೆಯಲ್ಲಿ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಹೇಳುವುದು ಕೇಳಿಸುತ್ತದೆ. ದೂರದ ಕಾರ್ಖಾನೆಯಲ್ಲಿ ತಟ್ಟೆಗೆ ಸರಿಯಾದ ಚೀಟಿ ಅಂಟಿಸಲು ಇದು ನೆರವಾಗುತ್ತಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆರಂಭವಾದ ಮೇಲೆ ಭಾರತದಲ್ಲಿಯೇ ತಟ್ಟೆಗಳು ತಯಾರಾಗತೊಡಗಿದವು.

ಭೇದಗಳಿಗೆ ಕಾರಣಗಳು

ಮುದ್ರಣ: ಮೇಣದ ಮೇಲೆ ಕೊರೆದ ಮೂಲದಿಂದ ಲೋಹದ ಅಚ್ಚುಗಳನ್ನು ತೆಗೆದು, ಅವುಗಳಿಂದ ಅರಗು ಬೆರೆತ ತಟ್ಟೆಗಳನ್ನು ಒತ್ತಲಾಗುತ್ತಿತ್ತು. ಒಂದು ಅಚ್ಚಿನಿಂದ ಹೆಚ್ಚು ತಟ್ಟೆಗಳನ್ನು ಒತ್ತಿದಂತೆ ಅದರ ಗೆರೆಗಳು ಸವೆಯುತ್ತವೆ. ಆದುದರಿಂದ ಅದೇ ಅಚ್ಚಿನ ಮೊದಲ ತಟ್ಟೆ ಮತ್ತು ಕೊನೆಯ ತಟ್ಟೆಗಳ ಸ್ಪಷ್ಟತೆ ಒಂದೇ ಆಗಿರುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದ ಅರಗಿನ ಅಭಾವದಲ್ಲಿ ಹಳೆಯ ತಟ್ಟೆಗಳನ್ನು ಪುಡಿಮಾಡಿ ಮರುಬಳಕೆ ಮಾಡಿದುದರಿಂದ ಕರಕರ ಸದ್ದು ಹೆಚ್ಚಿದುದೂ ಉಂಟು.

ವೇಗ: ನಿಮಿಷಕ್ಕೆ 78 ಸುತ್ತು ಎಂಬ ವೇಗವು 1920ರ ದಶಕದಲ್ಲಿ ನೆಲೆಗೊಂಡಿತು. ಅದಕ್ಕೂ ಮುಂಚಿನ ತಟ್ಟೆಗಳ ವೇಗ ಏಕರೂಪವಾಗಿರಲಿಲ್ಲ. 74 ಸುತ್ತಿನಲ್ಲಿ ಮುದ್ರಿಸಿದ ಹಾಡನ್ನು 78ರಲ್ಲಿ ನುಡಿಸಿದರೆ ಶ್ರುತಿಯು ಸುಮಾರು ಅರ್ಧ ಸ್ವರದಷ್ಟು ಏರುತ್ತದೆ, ಲಯವೂ ಚುರುಕಾಗುತ್ತದೆ.

ಅವಧಿ: ಹತ್ತು ಅಂಗುಲದ 78 ಸುತ್ತಿನ ತಟ್ಟೆಯ ಒಂದು ಬದಿಯಲ್ಲಿ ಸುಮಾರು 3 ನಿಮಿಷ ಮಾತ್ರ ಹಾಡಲು ಸಾಧ್ಯವಿತ್ತು. ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಅಷ್ಟರಲ್ಲಿಯೇ ಮುಗಿಸಬೇಕಾಗಿತ್ತು. 1948ರಲ್ಲಿ ಅಮೆರಿಕದಲ್ಲಿ ಬಂದ ದೀರ್ಘಾವಧಿ ತಟ್ಟೆಯು ಈ ಮಿತಿಯನ್ನು ಸಡಿಲಿಸಿತು.

ಮಿಶ್ರಣ: ಹಲವು ಪಥಗಳ ಟೇಪ್ ಬಳಕೆಗೆ ಬಂದ ಬಳಿಕ ಹಾಡಿಕೆ ಮತ್ತು ವಾದ್ಯಗಳನ್ನು ಪ್ರತ್ಯೇಕವಾಗಿ ಹಿಡಿದಿಟ್ಟು, ಆಮೇಲೆ ಬೇಕಾದ ಪ್ರಮಾಣದಲ್ಲಿ ಬೆರೆಸುವುದು ಸಾಧ್ಯವಾಯಿತು. ಹೀಗೆ ಒಂದೇ ಹಾಡಿಕೆಯಿಂದ ಮಾನೋ ಮತ್ತು ಸ್ಟೀರಿಯೋ ಎಂಬ ಎರಡು ಭಿನ್ನ ಆವೃತ್ತಿಗಳು ಹುಟ್ಟಿದವು.

ಗಂಗೂಬಾಯಿ ಹಾನಗಲ್ ಅವರ ಧ್ವನಿಮುದ್ರಿಕೆಗಳು

ಧಾರವಾಡದಲ್ಲಿ 1913ರಲ್ಲಿ ಜನಿಸಿದ ಗಂಗೂಬಾಯಿ ಹಾನಗಲ್ (ನಿಧನ: 2009) ಅವರ ತಟ್ಟೆಗಳು ಕರ್ನಾಟಕದ ಮಟ್ಟಿಗೆ ಈ ವಿಷಯದ ಉತ್ತಮ ನಿದರ್ಶನ. ಅವರ ಮೊದಲ ಹೆಸರು ಗಾಂಧಾರಿ. 1930ರ ದಶಕದ ಅವರ ಎಚ್‌ಎಂವಿ ತಟ್ಟೆಗಳು ಈ ಹೆಸರಿನಲ್ಲಿಯೇ ಬಂದವು. ಜಿ. ಎನ್. ಜೋಶಿ ಅವರೊಂದಿಗೆ ಹಾಡಿದ ಮರಾಠಿ ಭಾವಗೀತೆಗಳೂ ಆ ಕಾಲದವು. ಈ ತಟ್ಟೆಗಳಲ್ಲಿ ಕೇಳುವುದು ಎತ್ತರದ, ತೆಳುವಾದ ಕಂಠ. ಮುಂದೆ ಗಂಟಲಿನ ಚಿಕಿತ್ಸೆಯ ಅನಂತರ ಅವರ ಧ್ವನಿ ಗಂಭೀರವಾಯಿತು. ದೀರ್ಘಾವಧಿ ತಟ್ಟೆಗಳ ಮೂಲಕ ಅವರನ್ನು ಬಲ್ಲ ಕೇಳುಗರಿಗೆ ಪರಿಚಿತವಾದುದು ಈ ಎರಡನೆಯ ಧ್ವನಿಯೇ.

ಹೆಸರನ್ನಷ್ಟೇ ನೋಡಿದವರು ಇವೆರಡನ್ನೂ ಇಬ್ಬರು ಗಾಯಕಿಯರದೆಂದು ಭಾವಿಸಬಹುದು. ಧ್ವನಿಯ ವ್ಯತ್ಯಾಸವನ್ನು ಗಮನಿಸಿದವರು ಅದು ಕೇವಲ ತಪ್ಪು ವೇಗದ ಪರಿಣಾಮವೆಂದೂ ಎಣಿಸಬಹುದು. ಆದರೆ ವೇಗದ ದೋಷವಿದ್ದಲ್ಲಿ ಕಂಠದೊಂದಿಗೆ ತಬಲಾ, ಹಾರ್ಮೋನಿಯಂಗಳ ಶ್ರುತಿಯೂ ಅಷ್ಟೇ ಬದಲಾಗುತ್ತದೆ, ಲಯವೂ ಅಸಹಜವೆನಿಸುತ್ತದೆ. ಕಂಠದ ಗುಣವಷ್ಟೇ ಬೇರೆಯಾಗಿದ್ದರೆ ಬದಲಾವಣೆ ಗಾಯಕಿಯದೇ ಹೊರತು ಯಂತ್ರದ್ದಲ್ಲ. ಮರುಮುದ್ರಣ ಮಾಡುವವರು ಪರಿಚಿತ ಧ್ವನಿಗೆ ಹೊಂದಿಸಲೆಂದು ವೇಗವನ್ನು ತಗ್ಗಿಸಿದರೆ, ಅವರ ಸಂಗೀತಜೀವನದ ಮೊದಲ ಘಟ್ಟವೇ ಮರೆಯಾಗುತ್ತದೆ.

ಚಿತ್ರಗೀತೆಗಳು

ಚಲನಚಿತ್ರದಲ್ಲಿ ಕೇಳಿಬರುವ ಹಾಡು ಮತ್ತು ತಟ್ಟೆಯ ಹಾಡು ಯಾವಾಗಲೂ ಒಂದೇ ಆಗಿರುವುದಿಲ್ಲ. ವಾಕ್ಚಿತ್ರಗಳ ಆರಂಭದ ಕಾಲದಲ್ಲಿ ತಟ್ಟೆಗಾಗಿ ಹಾಡನ್ನು ಬೇರೆಯಾಗಿ ಮುದ್ರಿಸುವ ಪದ್ಧತಿಯಿತ್ತು. ಚೀಟಿಯ ಮೇಲಿನ ಹೆಸರೂ ದಾರಿ ತಪ್ಪಿಸಬಹುದು. 1949ರ ಹಿಂದಿ ಚಿತ್ರ 'ಮಹಲ್'ನಲ್ಲಿ ಲತಾ ಮಂಗೇಶ್ಕರ್ ಹಾಡಿದ ಪ್ರಸಿದ್ಧ ಗೀತೆಯ ಮೊದಲ ತಟ್ಟೆಗಳಲ್ಲಿ ಗಾಯಕಿಯ ಹೆಸರಿನ ಬದಲು ಪಾತ್ರದ ಹೆಸರಾದ 'ಕಾಮಿನಿ' ಎಂದಿತ್ತು.

ಸೋಲ್ ಸಂಗೀತದಲ್ಲಿ

ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದಲ್ಲಿ ಆವೃತ್ತಿಗಳ ಹೋಲಿಕೆ ವ್ಯಾಪಕವಾಗಿ ನಡೆದಿದೆ. 1960ರ ದಶಕದಲ್ಲಿ ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯ 45 ಸುತ್ತಿನ ತಟ್ಟೆಗಳಿಗೆ ರೇಡಿಯೋ ಪ್ರಸಾರವನ್ನು ಗಮನದಲ್ಲಿಟ್ಟು ಮಾನೋ ಮಿಶ್ರಣ ಸಿದ್ಧವಾಗುತ್ತಿತ್ತು. ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' (1971) ಸಂಪುಟಕ್ಕೆ ಮೊದಲು ಡೆಟ್ರಾಯಿಟ್‌ನಲ್ಲಿ ಮಾಡಿದ ಮಿಶ್ರಣವನ್ನು ಕೈಬಿಟ್ಟು ಲಾಸ್ ಏಂಜಲೀಸ್‌ನಲ್ಲಿ ಹೊಸತನ್ನು ಮಾಡಲಾಯಿತು. ಹಳೆಯ ಮಿಶ್ರಣವು 2001ರಲ್ಲಿ ಪ್ರಕಟವಾಯಿತು.

ಸ್ಯಾಮ್ ಕುಕ್ ಅವರ 'ಎ ಚೇಂಜ್ ಈಸ್ ಗೊನ್ನಾ ಕಮ್' ಗೀತೆಯ ಭೇದವು ಅರ್ಥಕ್ಕೇ ಸಂಬಂಧಿಸಿದುದು. 1964ರ ಆರಂಭದಲ್ಲಿ ಬಂದ ದೀರ್ಘಾವಧಿ ತಟ್ಟೆಯಲ್ಲಿ ಹಾಡು ಪೂರ್ಣವಾಗಿದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ, ಗಾಯಕನ ಮರಣದ ಬೆನ್ನಿಗೆ ಬಂದ 45 ಸುತ್ತಿನ ತಟ್ಟೆಯಲ್ಲಿ, ಪೇಟೆಯಲ್ಲಿ ಸುಳಿಯದಂತೆ ಕಪ್ಪು ಜನರನ್ನು ತಡೆಯುವುದನ್ನು ಹೇಳುವ ಚರಣವನ್ನು ತೆಗೆದುಹಾಕಲಾಗಿದೆ. ವರ್ಣಭೇದವನ್ನು ನೇರವಾಗಿ ಹೇಳುವ ಭಾಗವೇ ರೇಡಿಯೋ ಕೇಳುಗರಿಗೆ ತಲುಪಲಿಲ್ಲ.

ಗುರುತಿಸುವ ವಿಧಾನ

ತಟ್ಟೆಯ ಚೀಟಿಯ ಮೇಲಿನ ಪಟ್ಟಿಸಂಖ್ಯೆಯು ಮಾರಾಟಕ್ಕೆ ಸಂಬಂಧಿಸಿದುದು. ಚೀಟಿಯ ಸುತ್ತಲಿನ ಖಾಲಿ ಜಾಗದಲ್ಲಿ ಕೊರೆದ ಮ್ಯಾಟ್ರಿಕ್ಸ್ ಸಂಖ್ಯೆಯು ಮೂಲ ಧ್ವನಿಮುದ್ರಣವನ್ನು ಸೂಚಿಸುತ್ತದೆ. ಪಟ್ಟಿಸಂಖ್ಯೆ ಒಂದೇ ಇದ್ದು ಮ್ಯಾಟ್ರಿಕ್ಸ್ ಗುರುತು ಬೇರೆಯಾಗಿದ್ದರೆ ಹಾಡಿಕೆ ಅಥವಾ ಮೂಲಪ್ರತಿ ಬದಲಾಗಿರುವ ಸಾಧ್ಯತೆಯಿದೆ. ಎರಡು ತಟ್ಟೆಗಳನ್ನು ಹೋಲಿಸುವಾಗ ವೇಗ, ಮುಳ್ಳಿನ ಗಾತ್ರ ಮತ್ತು ಧ್ವನಿಯ ಪ್ರಮಾಣ ಸಮನಾಗಿರಬೇಕು. ಹೆಚ್ಚು ಗಟ್ಟಿಯಾಗಿ ಕೇಳಿಸುವ ಪ್ರತಿಯೇ ಉತ್ತಮವೆಂಬ ಭ್ರಮೆ ಸಾಮಾನ್ಯ.

ಮಹತ್ವ

ಹಳೆಯ ತಟ್ಟೆಗಳನ್ನು ಗಣಕೀಕರಿಸುವಾಗ ಕರಕರ ಸದ್ದಿನೊಂದಿಗೆ ಕಂಠದ ಸೂಕ್ಷ್ಮಗಳೂ ಅಳಿಸಿಹೋಗಬಹುದು. ಆದ್ದರಿಂದ ಶುದ್ಧಗೊಳಿಸದ ಪ್ರತಿಯನ್ನು ಪ್ರತ್ಯೇಕವಾಗಿ ಉಳಿಸುವುದು, ಚೀಟಿ ಹಾಗೂ ಮ್ಯಾಟ್ರಿಕ್ಸ್ ಸಂಖ್ಯೆಗಳನ್ನು ದಾಖಲಿಸುವುದು ಮತ್ತು ನುಡಿಸಿದ ವೇಗವನ್ನು ನಮೂದಿಸುವುದು ಧ್ವನಿಸಂಗ್ರಹದ ಪ್ರಮುಖ ಕ್ರಮಗಳಾಗಿವೆ.